ಮಾದೇವಿಯ ಅಪೀಲು

ಆಪರೇಷನ್ ಆದ ಮಾರನೆಯ ದಿನವೇ ಮಾದೇವಿ ಹೊಟ್ಟೆ ಹಿಡಿದುಕೊಂಡು ಹೇಳಿದಳು, "ವಟ್ಟೆ ಕಲ್ಲಾಗ್ಬುಟ್ಟದೆ ಕಣ್ರೀ."

ಮೂರನೆಯ ಮಗುವಾದ ಮೇಲೆ ಸರ್ಕಾರಿ ಕ್ಯಾಂಪೊಂದರಲ್ಲಿ ನನ್ನ ಹೆಂಡತಿಗೆ ಮಕ್ಕಳಾಗದ ಆಪರೇಷನ್ ಮಾಡಿಸಿದ್ದೆ. ನೀವೇ ಮಾಡಿಸಿಕೊಳ್ಳಬಹುದಲ್ಲ ಎಂದು ಅವಳು ಕೇಳಿದ್ದಕ್ಕೆ ನಕ್ಕಿದ್ದೆ.

ಮೂರನೇ ದಿನ ಜ್ವರ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಕರೆದೊಯ್ದೆ. ಅವರು ಕುರ್ಚಿಯಿಂದ ಏಳಲಿಲ್ಲ. ಹೊಟ್ಟೆ ಮುಟ್ಟಿ ನೋಡಲಿಲ್ಲ. ಗ್ಯಾಸ್ ಎಂದು ಮಾತ್ರೆ ಬರೆದರು. ಮೈಸೂರಿಗೆ ಹೋಗೋಣ ಎಂದು ಅವಳು ದಾರಿಯಲ್ಲೇ ಬೇಡಿಕೊಂಡಳು. ನಾನು ಗುಂಡ್ಲುಪೇಟೆ ಕಡೆಯ ನಮ್ಮೂರಿನ ಹಾಲಿನ ಡೈರಿ ಕಾರ್ಯದರ್ಶಿ. ಎರಡು ಹೊತ್ತೂ ಹಾಲು ಅಳೆಯುವ ಕೆಲಸ. ಅಷ್ಟು ಓದಿದ ಡಾಕ್ಟರೇ ಹೇಳಿದ ಮೇಲೆ ಇವಳದೇನು ಎಂಬ ಉಡಾಫೆಯೂ ಇತ್ತು. ಇನ್ನೆರಡು ದಿನ ಮಾತ್ರೆ ನುಂಗಿಸಿದೆ.

ಕರುಳು ತೂತಾಗಿತ್ತು.

ಮೈಸೂರಿನಲ್ಲಿ ಹೊಟ್ಟೆ ಕೊಯ್ದು, ಪಕ್ಕದಲ್ಲಿ ಮಲ ಹೋಗಲು ದಾರಿ ಮಾಡಿ ಬ್ಯಾಗ್ ಕಟ್ಟಿದರು. ಏಳು ತಿಂಗಳು ಹಾಗೇ, ಅದನ್ನು ತೆಗೆದು ಹೊಲಿಯುವವರೆಗೆ. ವಾಸನೆ ಬಂದೀತೆಂದು ಅವಳು ಯಾರ ಮನೆಗೂ ಹೋಗಲಿಲ್ಲ, ಕೂಸನ್ನು ಮಡಿಲಿಗೆ ಹಾಕಿಕೊಳ್ಳಲಿಲ್ಲ. ಬ್ಯಾಗ್ ಬದಲಿಸಲು ನನ್ನನ್ನು ಬಿಡದೆ, ಕುದೇರಿನಿಂದ ಬಂದ ಅವಳ ಅಕ್ಕನ ಕೈಲೇ ಮಾಡಿಸಿಕೊಂಡಳು.

ಸರ್ಕಾರ ಮತ್ತು ಡಾಕ್ಟರ ಮೇಲೆ ಗುಂಡ್ಲುಪೇಟೆ ಕೋರ್ಟಿನಲ್ಲಿ ಪರಿಹಾರಕ್ಕೆ ದಾವೆ ಹಾಕಿದೆವು. ಎರಡು ದಿನ ಏಕೆ ಕಾದಿರಿ ಎಂದು ಸರ್ಕಾರಿ ವಕೀಲರು ನನ್ನನ್ನು ಕೇಳಿದರು. ಇದ್ದದ್ದನ್ನೇ ಹೇಳಿದೆ. ಮೂರು ವರ್ಷದ ಮೇಲೆ ತೀರ್ಪು ಬಂತು: ಒಪ್ಪಿಗೆಗೆ ಸಹಿ ಹಾಕಿದ್ದಾರೆ, ಕಾಯಿಲೆ ಉಲ್ಬಣಿಸಿದ್ದು ಗಂಡನ ತಡದಿಂದ. ದಾವೆ ವಜಾ.

ಚಾಮರಾಜನಗರದ ಜಿಲ್ಲಾ ಕೋರ್ಟಿಗೆ ಅಪೀಲು ಹೋಗಬಹುದು, ಮೂವತ್ತು ದಿನದೊಳಗೆ, ಎಂದರು ನಮ್ಮ ವಕೀಲರು. ನನಗೆ ಮನಸ್ಸಿರಲಿಲ್ಲ. ನನ್ನ ತಪ್ಪನ್ನು ಇನ್ನೊಂದು ಕೋರ್ಟಿನಲ್ಲಿ ಓದಿಸಿಕೊಳ್ಳಬೇಕಲ್ಲ ಎಂಬ ನಾಚಿಕೆ. ಬಿಟ್ಟುಬಿಡೋಣ ಎಂದೆ.

ಮಾದೇವಿ ಒಲೆ ಮುಂದಿನಿಂದ ಎದ್ದು ಬಂದಳು. "ನೋವು ಅಂತ ನಾ ಏಳ್ದೆ. ಡಾಕ್ಟ್ರೂ ಕೇಳ್ನಿಲ್ಲ, ನೀವೂ ಕೇಳ್ನಿಲ್ಲ. ಇವರಾದ್ರೂ ಕೇಳ್ಲಿ."

ಅಪೀಲಿಗೆ ಅವಳೇ ಸಹಿ ಹಾಕಿದಳು. ವಾಯಿದೆಗೆ ವಾಯಿದೆ, ಒಂದೂವರೆ ವರ್ಷ ಬಸ್ಸಿನಲ್ಲಿ ಓಡಾಡಿದೆವು. ಹೊಲಿಗೆಯ ಜಾಗ ಉಬ್ಬಿಕೊಂಡು, ಹಳ್ಳ ಸಿಕ್ಕಿದಾಗಲೆಲ್ಲ ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಕಳೆದ ತಿಂಗಳು ತೀರ್ಪಾಯಿತು. ನೋವೆಂದು ಬಂದವಳನ್ನು ಮುಟ್ಟಿಯೂ ನೋಡದ್ದು ವೈದ್ಯರ ನಿರ್ಲಕ್ಷ್ಯ, ಅದಕ್ಕೆ ಸರ್ಕಾರವೂ ಹೊಣೆ, ಪರಿಹಾರ ಕೊಡಬೇಕು. ಗಂಡ ತಡ ಮಾಡಿದ್ದೂ ನಿಜ. ಆದರೆ ಅವನ ತಪ್ಪಿಗೆ ಹೆಂಡತಿ ನ್ಯಾಯ ಕಳೆದುಕೊಳ್ಳಬೇಕಿಲ್ಲ. ವಕೀಲರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅವಳು ಎರಡನೇ ಸಲ ಹೇಳಿಸಿಕೊಂಡಳು.

ಸರ್ಕಾರ ಹೈಕೋರ್ಟಿಗೆ ಹೋದರೂ ಹೋಗಬಹುದಂತೆ. ಹೋಗಲಿ. ಅವಳ ಮಾತು ಒಮ್ಮೆ ಕಾಗದದ ಮೇಲೆ ನಿಂತಿತಲ್ಲ, ನನಗೆ ಅಷ್ಟು ಸಾಕು. ಹೋದ ಆರೋಗ್ಯವಂತೂ ಬರುವುದಿಲ್ಲ.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಅವಳು ಕೇಳಿದಳು, "ನಿಮ್ದೂ ತಪ್ಪು ಅಂತ ಕೋರ್ಟು ಏಳ್ತು. ನೀವ್ಯಾವತ್ತು ಏಳೀರಿ?"

ಇಷ್ಟು ವರ್ಷ ನಾನು ಅದನ್ನು ಅವಳಿಗೆ ಹೇಳಿಯೇ ಇರಲಿಲ್ಲ.

"ತಪ್ಪಾಯ್ತು ಕಣೆ," ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಸ್ ಬಂತು, ನಡೀರಿ," ಎಂದಳು.