ಚಾಚಿಯ ಕಿಟಕಿ

ಮಗಳು ಭೂತಬಂಗಲೆಯ ಚಿತ್ರ ಬಿಡಿಸುತ್ತಿದ್ದಳು. ಅದರ ಕಿಟಕಿಯಲ್ಲಿ ಬಿಳಿ ಬಟ್ಟೆಯ ಹೆಂಗಸನ್ನು ಕಂಡದ್ದೇ ತಡ, ನಾನು ಚಿಕ್ಕಂದಿನ ಹೊನವಾಡದ ನಮ್ಮ ಓಣಿಗೆ ಹೋಗಿಬಿಟ್ಟೆ.

ಎದುರುಮನೆಯ ಚಾಚಿ ನನ್ನ ಲಂಗದ ತುಂಬ ಒಣದ್ರಾಕ್ಷಿ ಸುರಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ, ಅವರ ಪದ್ಧತಿಯಂತೆ ಇದ್ದತ್‌ಗೆ ಕೂತು, ತಿಂಗಳುಗಟ್ಟಲೆ ಹೊರಗೆ ಬರಲಿಲ್ಲ. ಮುಚ್ಚಿದ ಬಾಗಿಲು, ಅಲುಗುವ ಪರದೆ, ಹಿಂದೊಂದು ಬಿಳಿ ನೆರಳು. ನಾನು ಓದುತ್ತಿದ್ದ ಭೂತದ ಕಥೆಗಳ ಮನೆಯೂ ಥೇಟ್ ಹಾಗೆಯೇ ಇರುತ್ತಿತ್ತು.

ಅವ್ವ ದಿನಾ ರೊಟ್ಟಿ ಒಯ್ಯುವಾಗ ನಾನು ಹೊರಗಿನ ಕಟ್ಟೆಯಲ್ಲೇ ನಿಲ್ಲುತ್ತಿದ್ದೆ.

"ಚಾಚಿ ನಿನ್ನ ಕೇಳಾಕತ್ತಾಳ, ಒಳಗ ಬಾ ಬೇ," ಎನ್ನುತ್ತಿದ್ದಳು ಅವ್ವ.

"ಒಲ್ಲೆ ಯವ್ವಾ, ಅಂಜಿಕಿ ಬರ್ತೈತಿ."

ಇದ್ದತ್ ಮುಗಿದದ್ದೇ ಚಾಚಿಯ ಅಣ್ಣಂದಿರು ಬಂದು ಅವಳನ್ನು ತವರಿಗೆ ಕರೆದೊಯ್ದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಬೀಗ ಬಿದ್ದಿತ್ತು. ಆ ಖಾಲಿ ಮನೆಯನ್ನು ಕಂಡು ಮಾತ್ರ ನನಗೆ ಹೆದರಿಕೆಯೇ ಆಗಲಿಲ್ಲ.

"ಅವ್ವಾ, ಈಕಿ ಯಾರನ್ನ ಹಿಡ್ಯಾಕ ನಿಂತಾಳ ಹೇಳು?" ಚಿತ್ರದ ಹೆಂಗಸನ್ನು ತೋರಿಸಿ ಮಗಳು ಕೇಳಿದಳು.

"ಹಿಡ್ಯಾಕಲ್ಲ ಬೇ. ಯಾರರ ಒಳಗ ಬರ್ತಾರೇನಂತ ನೋಡಾಕತ್ತಾಳ."