ಕೋಳಿಗೊಂದು ಕೋಟು

ಹಿತ್ತಲಿನಿಂದ ಬಂದ ಸದ್ದು ಮೊಟ್ಟೆಯಿಟ್ಟ ಕೋಳಿಯ ಕೂಗಲ್ಲ ಎಂದು ತಿಳಿಯಲು ದರ್ಜಿಗೆ ಒಂದು ಕಾಲರಿನಷ್ಟು ಹೊತ್ತು ಹಿಡಿಯಿತು. ಹೊಲಿಗೆ ಅರ್ಧಕ್ಕೆ ಬಿಟ್ಟರೆ ಕಾಲರು ಸೊಟ್ಟಗಾಗುತ್ತದೆಂದು ಅವನು ಮಿಷನ್ ತುಳಿಯುತ್ತಲೇ ಇದ್ದ. ಮುಗಿಸಿ ಎದ್ದು ಹೋಗುವಷ್ಟರಲ್ಲಿ ಐದು ಕೋಳಿಗಳು ಸೇರಿ ಆರನೆಯದನ್ನು ಗೂಡಿನ ಮೂಲೆಗೆ ಒತ್ತಿ, ಬೆನ್ನಿನ ಪುಕ್ಕವನ್ನೆಲ್ಲ ಕಿತ್ತು, ಅಂಗೈಯಗಲ ಚರ್ಮ ಹರಿದುಹಾಕಿದ್ದವು. ಕಾಲರೂ ಸೊಟ್ಟಗೇ ಬಂದಿತ್ತು.

ಆರನೆಯದು ಬೂದಿ, ಹೆಂಡತಿಯ ಮುದ್ದಿನ ಕೋಳಿ. ಮಗಳ ಹೆರಿಗೆಗೆಂದು ಹೊರಟ ಹೆಂಡತಿ ಬಸ್ಸಿನ ಕಿಟಕಿಯಿಂದಲೂ ಹೇಳಿದ್ದು ಒಂದೇ ಮಾತು: ತಿಂಗಳು ಬಿಟ್ಟು ಬರುತ್ತೇನೆ, ಆರಕ್ಕೆ ಆರೂ ಇರಬೇಕು. ಗಂಡನ ಊಟ, ಆರೋಗ್ಯ ಯಾವುದರ ಬಗ್ಗೆಯೂ ಅವಳಿಗೆ ಚಿಂತೆಯಿದ್ದಂತೆ ಕಾಣಲಿಲ್ಲ. ದರ್ಜಿ ಭಾರಿ ಬುದ್ಧಿ ಓಡಿಸಿ, ಮೂರು ದಿನ ಗೂಡಿನ ಬಾಗಿಲನ್ನೇ ತೆಗೆಯಲಿಲ್ಲ. ಹೊರಗೆ ಬಿಟ್ಟರಲ್ಲವೇ ಕಳೆದುಹೋಗುವುದು? ಕೆದಕಲು ಮಣ್ಣಿಲ್ಲದೆ, ಆ ಇಕ್ಕಟ್ಟಿನಲ್ಲಿ ಅವು ಒಂದನ್ನೊಂದು ಕೆದಕಿದವು. ಪಶುವೈದ್ಯೆ ಇದನ್ನು ಬಿಡಿಸಿ ಹೇಳುವವರೆಗೂ ತನ್ನ ಬುದ್ಧಿಯ ಬಗ್ಗೆ ಅವನಿಗೆ ಅಭಿಮಾನವೇ ಇತ್ತು.

ಮಗಳ ವಯಸ್ಸಿನ ಆ ಡಾಕ್ಟರಮ್ಮ ನಾಲ್ಕು ಮಾತು ಹೇಳಿದಳು. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆಯಬೇಕು, ಮುಲಾಮು ಹಚ್ಚಬೇಕು, ಬೇರೆ ಇಡಬೇಕು, ಗುಂಪಿಗೆ ಬಿಡುವಾಗ ಗಾಯಕ್ಕೆ ಬಟ್ಟೆ ಮುಚ್ಚಬೇಕು. ಮೊದಲ ಮೂರಕ್ಕೆ ಅವನು ತಲೆಯಾಡಿಸಿದ. ನಾಲ್ಕನೆಯದಕ್ಕೆ ಅವನ ಕಿವಿ ನೆಟ್ಟಗಾದವು.

ಬೇರೆ ಇಡಲು ಇದ್ದ ಜಾಗ ಒಂದೇ, ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡುವ ಕೋಣೆ. ಅಲ್ಲಿ ಕನ್ನಡಿಯ ಕೆಳಗೆ, ಚಿಂದಿಬುಟ್ಟಿಯಲ್ಲಿ ಬೂದಿ ಕಣ್ಣು ಮುಚ್ಚಿ ಕೂತಿತು. ಎರಡು ದಿನ ಕಾಳು ಮುಟ್ಟಲಿಲ್ಲ. ದರ್ಜಿ ಕೆಲಸ ಬಿಟ್ಟು, ನೆನೆಸಿದ ನುಚ್ಚನ್ನು ಬೆರಳ ತುದಿಯಲ್ಲಿ ಹಿಡಿದು ಪರದೆಯ ಹಿಂದೆ ಮಂಡಿಯೂರಿರುತ್ತಿದ್ದ. ಮೂರನೆಯ ದಿನ ಮೆಲ್ಲಗೆ ಕೊಕ್ಕು ಬೆರಳಿಗೆ ತಾಗಿದಾಗ ಅವನ ಕಣ್ಣು ತುಂಬಿತು. ಹೊರಗೆ ಕಾಯುತ್ತಿದ್ದ ಗಿರಾಕಿಗೆ, ಸೂಜಿ ಚುಚ್ಚಿತು ಎಂದ.

ಹೊಸ ಪ್ಯಾಂಟು ನೋಡಲು ಬಂದ ಮೇಷ್ಟ್ರು ಪರದೆಯೊಳಗೆ ಹೋಗಿ ತಲೆಯಷ್ಟೇ ಹೊರಗೆ ಹಾಕಿದರು. "ಟೈಲರೇ, ಒಳಗಿರೋರು ಪ್ಯಾಂಟು ಅರ್ಧ ಇಂಚು ಉದ್ದ ಆಯ್ತು ಅಂತಿದ್ದಾರೆ."

"ಅವರ ಮಾತು ಕೇಳ್ಬೇಡಿ ಮೇಷ್ಟ್ರೇ. ಅವರಿಗೇ ಮೈಮೇಲೆ ಬಟ್ಟೆ ಇಲ್ಲ."

ಹಾಗೆಂದವನು ಸುಮ್ಮನಿರಲಾರದೆ ಅಳತೆಪುಸ್ತಕದಲ್ಲಿ ಮೇಷ್ಟ್ರ ಸೊಂಟದ ಕೆಳಗೇ ಬರೆದುಕೊಂಡ: ಬೂದಿ, ಬೆನ್ನು ಏಳು, ಎದೆ ಹದಿಮೂರು. ಯಾರದೋ ಕೋಟಿನ ಒಳಪದರಕ್ಕೆ ತಂದು ಉಳಿದಿದ್ದ ಕೆಂಪು ಸ್ಯಾಟಿನ್ನಿಗೆ ಅಂಚು ಕಟ್ಟಿ, ರೆಕ್ಕೆಗಳಿಗೆ ಎರಡು ಎಲಾಸ್ಟಿಕ್ ಕೂಡಿಸಿದ. ಮೂವತ್ತು ವರ್ಷದಲ್ಲಿ ಅವನು ಹೇಳಿದ ದಿನಕ್ಕೆ ಹೊಲಿದುಕೊಟ್ಟ ಬಟ್ಟೆ ಅದೊಂದೇ.

ಗಾಯ ಒಣಗಿ ಹಕ್ಕಳೆ ಕಟ್ಟಿದ ದಿನ ಬೂದಿಯನ್ನು ಸಿಂಗರಿಸಿ ಗುಂಪಿಗೆ ಬಿಟ್ಟ. ಅದರ ನಡಿಗೆಗೆ ಒಂದು ಠೀವಿ ಬಂದಿತ್ತು. ಠೀವಿ ಐದು ಹೆಜ್ಜೆ ಉಳಿಯಿತು. ದೊಡ್ಡ ಕಂದು ಕೋಳಿ ಹಾರಿಬಂದು ಕೆಂಪು ಬೆನ್ನಿಗೆ ಕುಕ್ಕಿತು, ಉಳಿದ ನಾಲ್ಕೂ ಹಿಂದೆಯೇ ಬಂದವು. ಬೂದಿಯನ್ನು ಎಳೆದುಕೊಳ್ಳುವಷ್ಟರಲ್ಲಿ ದರ್ಜಿಯ ಕೈಗೂ ಮುಲಾಮು ಬೇಕಾಯಿತು.

"ಕೋಳಿಗೆ ಕೆಂಪು ಕಂಡ್ರೆ ರಕ್ತ ಕಂಡ ಹಾಗೆ," ಎಂದಳು ಡಾಕ್ಟರಮ್ಮ. "ಅಂಗಡಿ ತುಂಬ ಬಟ್ಟೆ ಇಟ್ಕೊಂಡು ನಿಮಗೆ ಬೇರೆ ಬಣ್ಣ ಸಿಗಲಿಲ್ವಾ?"

"ಅದಕ್ಕೆ ಒಪ್ಪುತ್ತೆ ಅಂದ್ಕೊಂಡೆ," ಎಂದ ದರ್ಜಿ.

ಹೆಂಡತಿ ದಿನಾ ಸಂಜೆ ಫೋನು ಮಾಡಿ ಬೂದಿಯನ್ನು ವಿಚಾರಿಸುತ್ತಿದ್ದಳು. ನಿಜ ಹೇಳಲೆಂದು ಬಾಯಿ ತೆರೆದವನು ಒಮ್ಮೆ, ಬೂದಿಗೆ ಕೋಟು ಹೊಲಿದಿದ್ದೇನೆ ಎಂಬಲ್ಲಿಂದ ಶುರುಮಾಡಿದ. ತಾಯಿ ಮಗಳು ಬಹಳ ಹೊತ್ತು ನಕ್ಕರು. ಉಳಿದದ್ದನ್ನು ಹೇಳುವ ಧೈರ್ಯ ಆಮೇಲೆ ಬರಲಿಲ್ಲ.

ಹಿಂದೆ ಮಗಳನ್ನು ನೋಡಲು ಅಳಿಯ ಬಂದಾಗ ಹಾಕಿಕೊಳ್ಳಲೆಂದು ತಂದು, ಪುರುಸೊತ್ತಿಲ್ಲದೆ ಹೊಲಿಯದೇ ಉಳಿದಿದ್ದ ತನ್ನದೇ ಕೋಟಿನ ಬಟ್ಟೆ ಕಪಾಟಿನಲ್ಲಿತ್ತು. ಒಳ್ಳೆಯ ಬೂದುಬಣ್ಣ. ಅದಕ್ಕೇ ಕತ್ತರಿ ಹಾಕಿದ. ಈ ಸಲ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿದ. ಗೂಡಿನ ಬಾಗಿಲು ಬೆಳಗಿನಿಂದ ತೆರೆದೇ ಇಟ್ಟ. ಮಣ್ಣು ಕೆದಕುವ ಐದರ ನಡುವೆ ಬೂದಿಯನ್ನು ತಂತಿಬಲೆಯೊಳಗೆ ಕೂರಿಸಿ, ಒಬ್ಬರ ಮುಖ ಒಬ್ಬರು ನೋಡಲಿ ಎಂದು ವಾರ ಕಾದ. ಬಲೆ ತೆಗೆದ ದಿನ ಕಂದು ಕೋಳಿ ಹತ್ತಿರ ಬಂದು, ಬೂದು ಕೋಟು ನೋಡಿ, ನೋಡಲು ಏನೂ ಇಲ್ಲವೆಂಬಂತೆ ಹೊರಟುಹೋಯಿತು. ಅವನ ಹೊಲಿಗೆಗೆ ಅಂಥ ಮೆಚ್ಚುಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಹೆಂಡತಿ ಬಂದವಳೇ ಚೀಲವನ್ನೂ ಇಳಿಸದೆ ಹಿತ್ತಲ ಮೆಟ್ಟಿಲಲ್ಲಿ ನಿಂತು ಎಣಿಸಿದಳು. ಆರು. ಕೋಟು ತೊಟ್ಟಿದ್ದನ್ನು ನಗುತ್ತಲೇ ಎತ್ತಿಕೊಂಡು, ಎಲಾಸ್ಟಿಕ್ ಜಾರಿಸಿ ನೋಡಿದಳು. ಸುಕ್ಕುಗಟ್ಟಿದ ಗುಲಾಬಿ ಚರ್ಮದ ಮೇಲೆ ಹೊಸ ಪುಕ್ಕದ ಮೊಳಕೆಗಳು ಗುಂಡುಸೂಜಿ ಚುಚ್ಚಿಟ್ಟಂತೆ ಎದ್ದಿದ್ದವು. ಅವಳ ನಗು ಮಾಯವಾಯಿತು.

"ಇನ್ನು ಗಾಳಿ ಆಡ್ಲಿ," ಎಂದು ಬೂದಿಯನ್ನು ಬರಿಬೆನ್ನಲ್ಲೇ ಕೆಳಗೆ ಬಿಟ್ಟಳು. "ಇಷ್ಟೆಲ್ಲ ಆಗಿದೆ. ನನಗ್ಯಾಕೆ ಹೇಳ್ಲಿಲ್ಲ ನೀವು?"

"ತಪ್ಪು ನಂದೇ," ಎಂದ ದರ್ಜಿ. "ಮೂರು ದಿನ ಗೂಡಿನ ಬಾಗಿಲೇ ತೆಗೀಲಿಲ್ಲ ನಾನು. ಒಂದು ಕಡಿಮೆಯಾದ್ರೂ ನೀನು ಬಂದು..."

ಅಂಗಳದಾಚೆ ಕಂದು ಕೋಳಿ ಕಾಳು ಬಿಟ್ಟು ಕತ್ತೆತ್ತಿತು. ಒಂದು ಕಾಲು ಮುಂದಿಟ್ಟಿತು.

ದರ್ಜಿ ಬರಿಗಾಲಲ್ಲೇ ಮೆಟ್ಟಿಲಿಳಿದು, ಎರಡರ ನಡುವಿನ ಜಾಗದ ಕಡೆಗೆ ಹೊರಟ. "ಫೋನಲ್ಲಿ ಹೇಳೋಣ ಅಂತಾನೇ ಇದ್ದೆ, ಆದ್ರೆ ನೀವಿಬ್ರೂ ಅಷ್ಟು ನಗ್ತಾ ಇದ್ರಿ ನೋಡು, ಆಗ ನಾನು ಕೋಟಿನ ಮಾತಿಗೇ ನಿಲ್ಲಿಸಿಬಿಟ್ಟೆ," ಎನ್ನುತ್ತಾ ಕಂದು ಕೋಳಿಗೆ ಅಡ್ಡವಾಗಿ ನಿಂತ.