ನಾಟಿ ನಿಂತ ವರ್ಷ

ಗಲಾಟೆಯಾದ ವರ್ಷ ನಾನು ತಿ. ನರಸೀಪುರದ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ನಮ್ಮೂರು ಅಲ್ಲಿಂದ ನಂಜನಗೂಡಿನ ಕಡೆಗೆ ಹೋಗುವ ದಾರಿಯಲ್ಲಿ, ಕಬಿನಿ ನಾಲೆಯ ನೀರು ಹರಿಯುವ ಜಾಗದಲ್ಲಿದೆ. ಗದ್ದೆಗಳೆಲ್ಲ ಮೇಲಿನ ಬೀದಿಯವರವು. ಆ ಗದ್ದೆಗಳಲ್ಲಿ ಬಗ್ಗಿ ದುಡಿಯುವವರು ನಾವು, ದಲಿತರ ಬೀದಿಯವರು. ನಮ್ಮವ್ವ ನಾಟಿ ಹಾಕುವ ಹೆಂಗಸರ ಗುಂಪಿಗೆ ಹಿರಿಯಳು. ಯಾರ ಗದ್ದೆಗೆ ಯಾವ ದಿನ ಇಳಿಯಬೇಕೆಂದು ಗೊತ್ತು ಮಾಡುತ್ತಿದ್ದವಳು ಅವಳೇ.

ಜಗಳ ಶುರುವಾದದ್ದು ಒಂದು ಫ್ಲೆಕ್ಸ್ ಬೋರ್ಡಿನಿಂದ. ಬಸ್ ನಿಲ್ಲುವ ಜಾಗದಲ್ಲಿ ನಮ್ಮ ಹುಡುಗರು ಅದನ್ನು ಕಟ್ಟಿದರು, ಸಂಜೆಯೊಳಗೆ ಯಾರೋ ಹರಿದು ಹಾಕಿದರು. ಮಾತಿಗೆ ಮಾತು ಬೆಳೆದು ಕಲ್ಲು ಬಂತು. ನಮ್ಮ ಬೀದಿಯ ಒಬ್ಬ ಯುವಕನ ಕಣ್ಣು ಹೋಯಿತು. ಮೇಲಿನ ಬೀದಿಯ ಮುದುಕರೊಬ್ಬರ ತಲೆ ಒಡೆಯಿತು. ಎರಡು ಬೈಕುಗಳು ಸುಟ್ಟು ಬೂದಿಯಾದವು. ಎರಡೂ ಕಡೆಯವರು ದೂರು ಕೊಟ್ಟರು. ಮೇಲಿನ ಬೀದಿಯವರ ದೂರಿನಲ್ಲಿ ನಮ್ಮಪ್ಪನ ಹೆಸರಿತ್ತು. ಕಲ್ಲು ಬೀಳುವಾಗ ಅಪ್ಪ ನರಸೀಪುರದಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದ. ಆದರೂ ಪೊಲೀಸರಿಗೆ ಹೆದರಿ ಕೊಳ್ಳೇಗಾಲದ ಕಡೆ ತನ್ನ ತಂಗಿಯ ಮನೆಗೆ ಹೋಗಿ ಕೂತ.

ಆಮೇಲೆ ಮೇಲಿನ ಬೀದಿಯವರು ಸೇರಿ ನಮ್ಮವರನ್ನು ಯಾರೂ ಕೂಲಿಗೆ ಕರೆಯಬಾರದು, ಕರೆದವರು ದಂಡ ಕಟ್ಟಬೇಕು ಎಂದು ತೀರ್ಮಾನ ಮಾಡಿದರು. ಅಂಗಡಿಯವನು ನಮ್ಮನ್ನು ಕಂಡರೆ ಸಾಮಾನು ಇಲ್ಲವೆನ್ನತೊಡಗಿದ. ಹಿಟ್ಟಿನ ಗಿರಣಿಯವನು ಮೋಟಾರು ಕೆಟ್ಟಿದೆ ಎಂದ. ಅವನು ಹಾಗೆನ್ನುವಾಗ ಒಳಗೆ ಮೋಟಾರು ಓಡುತ್ತಲೇ ಇತ್ತು.

ಅಜ್ಜಿ ಹಿತ್ತಲಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ಒಳಗಿಟ್ಟಳು. ವಾರ ಕಳೆಯುವುದರೊಳಗೆ ಬೀದಿಯಲ್ಲಿ ಆರೇಳು ಕಲ್ಲುಗಳು ತಿರುಗತೊಡಗಿದವು. ಬೆಳಗಿನ ಜಾವ ಅರೆನಿದ್ದೆಯಲ್ಲಿ ನನಗೆ ಆ ಸದ್ದು ಕೇಳುತ್ತಿತ್ತು. ಭೂಮಿಯೇ ಮಗ್ಗುಲು ಬದಲಿಸುತ್ತಿದೆಯೇನೋ ಅನ್ನುವಂಥ ಸದ್ದು. ರಾಗಿ ಹಿಟ್ಟಿನ ಬಿಸಿ ವಾಸನೆ, ಅಜ್ಜಿಯ ಸೀರೆಯ ಮೇಲೆ ಮಂಜಿನಂತೆ ಕೂತ ಹಿಟ್ಟು. ಮನೆಯಲ್ಲಿ ದಿನಕ್ಕೊಂದೇ ಊಟವಿದ್ದ ಆ ದಿನಗಳು ನನಗೆ ಯಾಕೋ ಚಂದವಾಗಿಯೇ ನೆನಪಾಗುತ್ತವೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೆಂಗಸರು ಸುಮ್ಮನೆ ಕೂರಲಿಲ್ಲ. ನಂಜನಗೂಡಿನ ಕಡೆಯ ತಾಂಡ್ಯದ ಕಾರ್ಖಾನೆಗಳಿಗೆ ಕೆಲಸದವರನ್ನು ತುಂಬಿಕೊಂಡು ಹೋಗುವ ಒಂದು ಟೆಂಪೊ ಬೆಳಿಗ್ಗೆ ಮುಖ್ಯರಸ್ತೆಯಲ್ಲಿ ಹಾದು ಹೋಗುತ್ತಿತ್ತು. ಮೊದಲು ಅವ್ವ ಹತ್ತಿದಳು, ಅವಳ ಹಿಂದೆ ಗುಂಪೆಲ್ಲ ಹತ್ತಿತು. ಡಬ್ಬಿಗಳಿಗೆ ಮುಚ್ಚಳ ಹಾಕಿ ಚೀಟಿ ಅಂಟಿಸುವ ಕೆಲಸ. ಬಗ್ಗಿ ದುಡಿದು ಅಭ್ಯಾಸವಾಗಿದ್ದ ಅವಳ ಬೆನ್ನು ದಿನವಿಡೀ ನೆಟ್ಟಗೆ ನಿಂತು ನೋಯುತ್ತಿತ್ತು. ಸಂಜೆ ನಾನು ಎಣ್ಣೆ ತಿಕ್ಕುವಾಗ, ಅಲ್ಲಿ ಮಳೆ ಬಂದರೂ ಗೊತ್ತಾಗುವುದಿಲ್ಲ, ಬಿಸಿಲು ಬಂದರೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು.

ಇತ್ತ ಗದ್ದೆಗಳಿಗೆ ನೀರು ಬಿಟ್ಟಾಗಿತ್ತು. ಸಸಿ ಬೆಳೆಸುವ ಒಟ್ಲು ಪಾತಿಯಲ್ಲಿ ಪೈರು ಕಿತ್ತು ನೆಡುವ ಹದ ದಾಟುತ್ತಿತ್ತು. ಹೊರಗಿನಿಂದ ಆಳು ತರಿಸುವ ಶಕ್ತಿಯಿದ್ದವರು ತರಿಸಿದರು. ಇಲ್ಲದವರು ಬದುವಿನ ಮೇಲೆ ನಿಂತು ಹಳದಿಯಾಗುತ್ತಿದ್ದ ಪೈರನ್ನು ನೋಡಿದರು. ಅವರಲ್ಲಿ ಒಬ್ಬಾಕೆಯನ್ನು ನಾವು ತೂಬಿನ ಗದ್ದೆಯಮ್ಮ ಎನ್ನುತ್ತಿದ್ದೆವು. ಅವರ ಗದ್ದೆ ನಾಲೆಯಿಂದ ನೀರು ಬಿಡುವ ತೂಬಿನ ಪಕ್ಕದಲ್ಲೇ ಇತ್ತು. ಗಂಡನ ಹೆಸರು ನಮ್ಮವರ ದೂರಿನಲ್ಲಿದ್ದುದರಿಂದ ಅವನೂ ಊರು ಬಿಟ್ಟಿದ್ದ.

ಒಂದು ಮುಂಜಾನೆ ಅವ್ವನೂ ನಾನೂ ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಆಕೆ ಮಂಜಿನೊಳಗಿಂದ ಬಂದರು.

“ಪೈರು ಬಲ್ತೋಯ್ತಾ ಅದೆ ಕಣವ್ವ. ಇನ್ನೊಂದ್ವಾರ ಬುಟ್ರೆ ನೆಟ್ರೂ ತೆಂಡೆ ಒಡೆಯಲ್ಲ, ಬೆಳೆ ಬರಲ್ಲ. ಮಸುಕಲ್ಲೇ ಬಂದು ನೆಟ್ಬುಟ್ಟು, ಬೆಳಕಾಗೋಕ್ ಮುಂಚೆ ಓಗ್ಬುಡಿ. ಯಾರ್ಗೂ ಗೊತ್ತಾಗಲ್ಲ” ಎಂದರು.

ಅವ್ವ ಹಿಂಡುತ್ತಿದ್ದ ಸೀರೆಯನ್ನು ಕಲ್ಲಿನ ಮೇಲಿಟ್ಟಳು.

“ಕದ್ದು ಬರಾಕೆ ನಾವೇನ್ ಕಳ್ಳರಾ ಅಮ್ಮಾವ್ರೆ? ಅಗಲೊತ್ತು ನಮ್ ಬೀದಿಗೆ ಬಂದು ಕರೀರಿ, ಬತ್ತೀವಿ.”

ಆಕೆ ಬಂದ ದಾರಿಯಲ್ಲೇ ಹೋದರು. ಮಾರನೆಯ ದಿನದಿಂದ ತಾವೂ ವಯಸ್ಸಾದ ಅತ್ತೆಯೂ ಸೇರಿ ನೆಡತೊಡಗಿದರು. ಅವ್ವ ಟೆಂಪೊದ ಕಿಟಕಿಯಿಂದ ದಿನವೂ ನೋಡುತ್ತಿದ್ದಳು. ಎಡಗೈಯಲ್ಲಿ ಪೈರಿನ ಕಟ್ಟು ಹಿಡಿಯಲೂ ಆಯಮ್ಮನಿಗೆ ಬರುವುದಿಲ್ಲ ಎಂದು ಮನೆಗೆ ಬಂದು ಹೇಳುವಳು. ಹೇಳುವಾಗ ಅವಳ ದನಿಯಲ್ಲಿ ಖುಷಿ ಇರಲಿಲ್ಲ.

ಆ ಭಾನುವಾರ ಚೆನ್ನಾಗಿ ಬಿಸಿಲೇರಿದ ಮೇಲೆ ತೂಬಿನ ಗದ್ದೆಯಮ್ಮ ಮೇಲಿನ ಬೀದಿಯ ನಡುವೆಯೇ ನಡೆದು, ಬಸ್ ನಿಲ್ಲುವ ಜಾಗ ದಾಟಿ, ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ಬಂದು ನಿಂತರು. ಕಾಲೆಲ್ಲ ಕೆಸರು. ಮನೆಮನೆಯ ಬಾಗಿಲಿಗೂ ಜನ ಬಂದರು. ಆಕೆ ಅವ್ವನ ಹೆಸರು ಹಿಡಿದು ಕರೆದರು.

“ನಾಟಿಗೆ ಬನ್ನಿ. ನಾನೇ ಕರಿತಾ ಇವ್ನಿ.”

ಅವ್ವ ಬೀದಿಯ ಹೆಂಗಸರ ಮುಖ ನೋಡಿದಳು. ನಮ್ಮ ಹುಡುಗನ ಕಣ್ಣು ಹೋಗಿದೆ, ಯಾವ ಬಾಯಲ್ಲಿ ಹೋಗುತ್ತೀರಿ ಎಂದು ಒಬ್ಬಳು ಕೇಳಿದಳು. ಅವಳು ಬರಲಿಲ್ಲ, ಅವಳ ಜೊತೆ ಇನ್ನೂ ನಾಲ್ವರು ಬರಲಿಲ್ಲ. ಉಳಿದವರು ಸೆರಗು ಸಿಕ್ಕಿಸಿಕೊಂಡು ಹೊರಟರು. ನಾನೂ ಹೋದೆ.

ಅವತ್ತಿನ ಗದ್ದೆ ಈಗಲೂ ನನಗೆ ಕನಸಿನಲ್ಲಿ ಕಂಡಂತೆ ಕಾಣುತ್ತದೆ. ನೀರಿನೊಳಗೆ ಮೋಡಗಳು ಮೆಲ್ಲಗೆ ಸರಿಯುತ್ತಿದ್ದವು. ನಾವು ಮೋಡದೊಳಕ್ಕೇ ಪೈರು ಊರುತ್ತ ಹಿಂದೆ ಹಿಂದೆ ನಡೆಯುತ್ತಿದ್ದೆವು. ಬೆಳ್ಳಕ್ಕಿಗಳು ಮಾರು ದೂರದಲ್ಲಿ ನಿಂತಿದ್ದವು. ಮೇಲಿನ ಬೀದಿಯ ಗಂಡಸರು ನಾಲೆಯ ಏರಿಯ ಮೇಲೆ ಸಾಲಾಗಿ ಕೂತಿದ್ದರು. ಯಾರೂ ಬೈಯಲಿಲ್ಲ, ಯಾರೂ ಇಳಿದು ಬರಲಿಲ್ಲ. ನಮ್ಮವರೂ ನಾಟಿ ಪದ ಹಾಡಲಿಲ್ಲ. ಕೆಸರಿನಿಂದ ಕಾಲು ಕೀಳುವ ಸದ್ದಷ್ಟೇ. ಮಧ್ಯಾಹ್ನ ತೂಬಿನ ಗದ್ದೆಯಮ್ಮ ಅನ್ನ ಸಾರು ತಂದು ಬಡಿಸಿ, ನಾವು ಕೂತ ಬದುವಿನ ಮೇಲೆ ತಾವೂ ಕೂತು ಉಂಡರು. ಮೊದಲೆಲ್ಲ ಹಾಗೆ ಕೂತವರಲ್ಲ. ಮನಸ್ಸು ಬದಲಾಗಿತ್ತೋ, ದಣಿವಾಗಿತ್ತೋ, ನಾನು ಹೇಳಲಾರೆ.

ಅವರಿಗೆ ದಂಡ ಬಿತ್ತು. ಕಟ್ಟುವುದಿಲ್ಲ ಎಂದರು. ನಮಗೆ ಆದದ್ದೇ ಅವರಿಗೂ ಆಯಿತು. ಗಿರಣಿಯಲ್ಲಿ ಅವರ ಡಬ್ಬ ತುಂಬಲಿಲ್ಲ, ಅವರ ಸರದಿಯ ನೀರನ್ನು ಬೇರೆಯವರು ತಿರುಗಿಸಿಕೊಂಡರು. ತೂಬಿನ ಪಕ್ಕದ ಗದ್ದೆ, ತೆನೆ ಹಾಲು ತುಂಬುವ ಹೊತ್ತಿಗೆ ಬಿರುಕು ಬಿಟ್ಟಿತು. ಅರ್ಧಕ್ಕರ್ಧ ಜೊಳ್ಳು. ಗಂಡನ ಸುದ್ದಿಯಿಲ್ಲ, ಅತ್ತೆಗೆ ಔಷಧಿ ಬೇಕು. ಹೊರಗಿನ ಬಾಳೆ ಬೆಳೆಗಾರನೊಬ್ಬನಿಗೆ ಗದ್ದೆಯನ್ನು ಗುತ್ತಿಗೆಗೆ ಕೊಟ್ಟು, ಒಂದು ಬೆಳಿಗ್ಗೆ ಅವರೂ ಊಟದ ಡಬ್ಬಿ ಹಿಡಿದು ಟೆಂಪೊ ಹತ್ತಿದರು. ಯಾರೂ ಜಾಗ ಬಿಡಲಿಲ್ಲ. ಕೊನೆಗೆ ಅವ್ವ ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸರಿದಳಂತೆ.

ಚೀಟಿ ಅಂಟಿಸುವುದರಲ್ಲಿ ಅವರ ಕೈ ಅವ್ವನಿಗಿಂತ ಚುರುಕಾಗಿತ್ತು. ಅದು ಅವ್ವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ರಜೆಯಲ್ಲಿ ನಾನೂ ಕೆಲವು ವಾರ ಅಲ್ಲಿ ದುಡಿದೆ. ಒಂದು ಮಧ್ಯಾಹ್ನ ಕಾರ್ಖಾನೆಯ ಕಾಂಪೌಂಡಿನ ನೆರಳಿನಲ್ಲಿ ಉಣ್ಣುತ್ತಿದ್ದಾಗ ತೂಬಿನ ಗದ್ದೆಯಮ್ಮ ಇದ್ದಕ್ಕಿದ್ದಂತೆ ಹೇಳಿದರು:

“ನೀನು ಮಸುಕಲ್ಲೇ ಬಂದಿದ್ರೆ ನನ್ ಗದ್ದೆ ಉಳೀತಿತ್ತು.”

ಅವ್ವ ತುತ್ತು ನುಂಗಿ, “ಉಳೀತಿತ್ತು ಅಕ್ಕ” ಎಂದಳು. ಅಮ್ಮಾವ್ರೆ ಅನ್ನುವುದು ಯಾವಾಗ ಅಕ್ಕ ಆಯಿತೋ ನಾನು ಗಮನಿಸಿರಲಿಲ್ಲ. ಅವಳು ಸಮಾಧಾನ ಹೇಳಲಿಲ್ಲ, ಸಮರ್ಥನೆಯನ್ನೂ ಮಾಡಿಕೊಳ್ಳಲಿಲ್ಲ. ಇಬ್ಬರೂ ಡಬ್ಬಿ ತೊಳೆದುಕೊಂಡು ಒಳಗೆ ಹೋದರು.

ಬಹಿಷ್ಕಾರ ಮುಗಿಯಿತೆಂದು ಯಾರೂ ಸಾರಲಿಲ್ಲ. ಒಂದು ದಿನ ಗಿರಣಿಯವನು ನಮ್ಮ ರಾಗಿಯನ್ನು ತೂಗಿ ಒಳಗಿಟ್ಟ, ಅಷ್ಟೆ. ಅಪ್ಪ ವಾಪಸಾದ, ಆಮೇಲೆ ತೂಬಿನ ಗದ್ದೆಯಮ್ಮನ ಗಂಡನೂ ಬಂದ. ವರ್ಷಗಳ ನಂತರ ಎರಡೂ ಕಡೆಯ ಸಾಕ್ಷಿಗಳು ತಾವೇನೂ ಕಂಡಿಲ್ಲವೆಂದರು, ಕೇಸು ಬಿದ್ದುಹೋಯಿತು. ಕಣ್ಣು ಕಳೆದುಕೊಂಡವನು ಈಗ ನಂಜನಗೂಡಿನಲ್ಲಿ ಹೂವು ಮಾರುತ್ತಾನೆ. ಮೇಲಿನ ಬೀದಿಯವರು ಮರ್ಯಾದೆಯಿಂದಲೇ ನಾಟಿಗೆ ಕರೆಯಲು ಬಂದರು. ರಜೆ ಸಿಗುವುದಿಲ್ಲ ಎಂದು ಅವ್ವ ಹೇಳಿ ಕಳಿಸಿದಳು. ಅವಳ ಗುಂಪಿನಲ್ಲಿ ಒಬ್ಬಳೂ ಮತ್ತೆ ಗದ್ದೆಗೆ ಇಳಿಯಲಿಲ್ಲ. ಈಗ ನಾಟಿ ಯಂತ್ರ ಬರುತ್ತದೆ.

ನಾನು ನರಸೀಪುರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ಅವ್ವನೂ ತೂಬಿನ ಗದ್ದೆಯಮ್ಮನೂ ಪಿಂಚಣಿಯ ಕಾಗದ ಬರೆಸಲು ನನ್ನ ಹತ್ತಿರ ಬಂದಿದ್ದರು. ಅವರನ್ನು ಗೆಳತಿಯರು ಅನ್ನಬಹುದೋ ಏನೋ. ಒಬ್ಬರ ಮನೆಯೊಳಗೆ ಇನ್ನೊಬ್ಬರು ಇವತ್ತಿಗೂ ಹೋಗಿಲ್ಲ. ಕೆಲಸ ಮುಗಿದ ಮೇಲೆ ಹೊಳೆಗೆ ಹೋಗೋಣ ಎಂದರು. ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟು, ಗಾಳಿಗೆ ಹಾಗೇ ತೂಕಡಿಸಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಎಬ್ಬಿಸಲಿಲ್ಲ.